ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು: ಇಂದಿನ ದಿನದಲ್ಲಿ ಬದುಕಲು ಕ್ರೈಸ್ತರಿಗೊಂದು ಸಮಗ್ರ ಮಾರ್ಗದರ್ಶಿ

ನಾಳಿನ ಬಗ್ಗೆ ಚಿಂತೆ ಮಾಡಬೇಡಿ ಎಂಬ ಯೇಸುಸ್ವಾಮಿಯ ಮಾತನ್ನು ಕೇಳದ ಕ್ರೈಸ್ತರಿಲ್ಲ. ಮತ್ತಾಯನ 6ನೇ ಅಧ್ಯಾಯ ಮುಗಿಯುವುದೇ ಆ ಮಾತಿನಿಂದ. ಭಾನುವಾರ ಪ್ರಸಂಗದಲ್ಲಿ ಕೇಳಿ ತಲೆಯಾಡಿಸುತ್ತೇವೆ. ಚರ್ಚ್ ಗೇಟು ದಾಟುವಷ್ಟರಲ್ಲಿ ಮನಸ್ಸು ಐದನೇ ತಾರೀಖಿನ ಇಎಂಐಗೆ ಓಡಿರುತ್ತದೆ. ಚಿಂತೆ ಬಿಡಿ ಅನ್ನುವವರು ಬೇಕಾದಷ್ಟು ಮಂದಿ. ಬಿಡುವುದು ಹೇಗೆ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುವವರು ಕಡಿಮೆ. "ವಿಶ್ವಾಸ ಇಡಿ, ಎಲ್ಲ ಸರಿಹೋಗುತ್ತೆ" ಅಂದುಬಿಟ್ಟರೆ ಇದ್ದ ಚಿಂತೆಯ ಮೇಲೆ "ನನಗೆ ವಿಶ್ವಾಸವೇ ಸಾಲದು" ಎಂಬ ಇನ್ನೊಂದು ಚಿಂತೆ ಬಂದು ಕೂರುತ್ತದೆ, ಅಷ್ಟೇ.

ಇದಕ್ಕೊಂದು ಅಭ್ಯಾಸದ ದಾರಿ ಸಭೆಯ ಪರಂಪರೆಯಲ್ಲೇ ಇದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆದವರು, ಜೈಲಿನಲ್ಲಿ ವರ್ಷಗಟ್ಟಲೆ ಕೂತವರು ನಡೆದು ಸವೆಸಿದ ದಾರಿ ಅದು. ಅದನ್ನು ಕಚೇರಿ, ಮನೆ, ಆಸ್ಪತ್ರೆ, ಟ್ರಾಫಿಕ್ಕಿನ ನಡುವೆ ಹೇಗೆ ಹಿಡಿಯಬಹುದು ಅನ್ನುವುದನ್ನು ಹಂತ ಹಂತವಾಗಿ ಹೇಳುತ್ತೇನೆ. ನಾನು ಕಥೋಲಿಕ; ಬಳಸುವ ಪದಗಳಲ್ಲಿ ಅದು ಗೊತ್ತಾಗುತ್ತದೆ. ಹಂತಗಳು ಮಾತ್ರ ಎಲ್ಲ ಸಭೆಯವರಿಗೂ ಹೊಂದುವಂಥವು.

ಒಂದು ವಿಷಯ ಮೊದಲೇ ಇತ್ಯರ್ಥವಾಗಲಿ. ಈಗ ಎಲ್ಲೆಡೆ ಕಲಿಸುವ "ಉಸಿರನ್ನು ಗಮನಿಸಿ, ಈ ಕ್ಷಣದಲ್ಲಿರಿ" ಎಂಬ ಧ್ಯಾನವನ್ನು ನಾನು ಹೀಗಳೆಯುವುದಿಲ್ಲ, ಎಷ್ಟೋ ಜನರಿಗೆ ಅದರಿಂದ ನಿದ್ದೆ ಬಂದಿದೆ. ಆದರೆ ಕ್ರೈಸ್ತ ವಿಶ್ವಾಸಿ ಈ ಕ್ಷಣಕ್ಕೆ ಮರಳುವ ಕಾರಣ ಬೇರೆ: ದೇವರು ನಮಗೆ ಸಿಗುವುದು ಇಲ್ಲಿ, ನಾವು ಮಾಡಬೇಕಾದ ಕೆಲಸ ಇರುವುದೂ ಇಲ್ಲಿ. ಆದ್ದರಿಂದ ಮನಸ್ಸು ಖಾಲಿಯಾಯಿತೇ, ಹಗುರವಾಯಿತೇ ಎಂದು ಅಳೆಯುತ್ತಾ ಕೂರಬೇಡಿ. ಈ ಹೊತ್ತಿನ ಕೆಲಸವನ್ನು ದೇವರ ಜೊತೆ ಮಾಡಿದೆನೇ ಎಂದು ಕೇಳಿಕೊಂಡರೆ ಸಾಕು.

ಹಂತ 1: ಚಿಂತೆ ಯಾವುದು, ಯೋಜನೆ ಯಾವುದು, ಬೇರ್ಪಡಿಸಿ

ನಾಳೆಯ ಚಿಂತೆ ಬೇಡ ಅಂದವರೇ, ಗೋಪುರ ಕಟ್ಟಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದೂ ಕೇಳಿದ್ದಾರೆ (ಲೂಕ 14:28). ಯೋಸೇಫ ಈಜಿಪ್ಟಿನಲ್ಲಿ ಏಳು ಸುಭಿಕ್ಷ ವರ್ಷಗಳ ಬೆಳೆಯಲ್ಲಿ ಐದನೇ ಒಂದು ಪಾಲನ್ನು ಕೂಡಿಟ್ಟಿದ್ದರಿಂದಲೇ ಮುಂದಿನ ಏಳು ವರ್ಷದ ಬರದಲ್ಲಿ ಜನ ಉಳಿದರು. ಹಾಗಾಗಿ ವಿಮೆ ಮಾಡಿಸುವುದು, ಮಗಳ ಓದಿಗೆ ದುಡ್ಡು ಎತ್ತಿಡುವುದು ಅಪನಂಬಿಕೆ ಅಲ್ಲ. ನಾಳೆ ಕಂಡವರಾರು ಎಂದು ಇದ್ದದ್ದನ್ನೆಲ್ಲ ಇವತ್ತೇ ಉಡಾಯಿಸುವುದಕ್ಕೂ ಸುವಾರ್ತೆಗೂ ಸಂಬಂಧವಿಲ್ಲ.

ಯೋಜನೆಗೆ ಕೈಕಾಲು ಇರುತ್ತದೆ, ಚಿಂತೆಗೆ ಇರುವುದಿಲ್ಲ. ಯೋಜನೆ ಮಾಡಿದರೆ ಒಂದು ಫೋನ್ ಕರೆಯೋ ಒಂದು ಅರ್ಜಿಯೋ ಹುಟ್ಟುತ್ತದೆ. ಚಿಂತೆಯೋ, ಸಾಲ ಪಡೆಯುವ ಮೊದಲೇ ಬಡ್ಡಿ ಕಟ್ಟಿದ ಹಾಗೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಫೋನಿನಲ್ಲಿ ಬೇಡ, ಅಲ್ಲಿ ಬೇರೆ ಇಪ್ಪತ್ತು ವಿಷಯ ಕರೆಯುತ್ತವೆ. ಹಾಳೆಯ ನಡುವೆ ಗೆರೆ ಎಳೆದು ಎಡಗಡೆ "ಇವತ್ತು ನಾನು ಮಾಡಬಹುದಾದದ್ದು", ಬಲಗಡೆ "ಇವತ್ತು ನನ್ನ ಕೈಯಲ್ಲಿಲ್ಲದ್ದು" ಎಂದು ಬರೆಯಿರಿ. ಅಪ್ಪನ ಬಯಾಪ್ಸಿ ವರದಿ ಗುರುವಾರ ಬರಲಿದೆ, ಇವತ್ತು ಸೋಮವಾರ ಅಂದುಕೊಳ್ಳಿ. ಎಡಗಡೆ ಬರುವುದು: ಗುರುವಾರಕ್ಕೆ ರಜೆ ಹಾಕುವುದು, ಹಳೆಯ ಫೈಲ್ ಹುಡುಕಿಡುವುದು, ವಿಮೆಯ ಕಾರ್ಡಿನ ಅವಧಿ ಮುಗಿದಿದೆಯೇ ನೋಡುವುದು, ರಾತ್ರಿ ಅಪ್ಪನ ಜೊತೆ ಕೂತು ಉಣ್ಣುವುದು. ಬಲಗಡೆ ಬರುವುದು: ವರದಿಯಲ್ಲಿ ಏನಿರುತ್ತದೋ, ಇದ್ದರೆ ಎಷ್ಟು ಹರಡಿದೆಯೋ, ಅಮ್ಮ ಹೇಗೆ ತಡೆದುಕೊಳ್ಳುತ್ತಾರೋ. ರಾತ್ರಿ ಹನ್ನೊಂದಕ್ಕೆ ಗೂಗಲ್‌ನಲ್ಲಿ ರೋಗಲಕ್ಷಣ ಹುಡುಕುವುದು ಎಡಗಡೆಯ ಕೆಲಸದಂತೆ ಕಾಣುತ್ತದೆ. ಅದು ಬಲಗಡೆಯದ್ದು, ಕೆಲಸದ ವೇಷ ಹಾಕಿಕೊಂಡು ಬಂದಿರುತ್ತದೆ.

ಎಡಗಡೆಯದನ್ನು ಮಾಡಿ. ಬಲಗಡೆಯದನ್ನು ಸಾಲು ಸಾಲಾಗಿ, ಹೆಸರು ಹಿಡಿದು ಪ್ರಾರ್ಥನೆಯಲ್ಲಿ ಒಪ್ಪಿಸಿ. "ದೇವರೇ, ಎಲ್ಲ ನೀನೇ ನೋಡಿಕೋ" ಎಂದು ಒಟ್ಟಾರೆ ಹೇಳಿದರೆ ಮನಸ್ಸಿಗೆ ಕೊಟ್ಟ ಹಾಗೆ ಅನ್ನಿಸುವುದಿಲ್ಲ. ಯಾವ ವಿಷಯದಲ್ಲೂ ಚಿಂತಿಸದೆ ನಿಮ್ಮ ಬೇಡಿಕೆಗಳನ್ನು ದೇವರಿಗೆ ತಿಳಿಸಿ, ಅದೂ ಕೃತಜ್ಞತೆಯ ಜೊತೆ ತಿಳಿಸಿ ಎಂದು ಪೌಲ ಫಿಲಿಪ್ಪಿಯವರಿಗೆ ಬರೆದದ್ದು ಸೆರೆಯಲ್ಲಿದ್ದುಕೊಂಡು, ತನ್ನ ಮೊಕದ್ದಮೆ ಏನಾಗುತ್ತದೋ ಗೊತ್ತಿಲ್ಲದಿರುವಾಗ. ಆ ಯೋಚನೆ ರಾತ್ರಿ ಮತ್ತೆ ಬಂದೇ ಬರುತ್ತದೆ. ಬಂದಾಗ ವಾದ ಬೇಡ. "ಇದನ್ನು ಕೊಟ್ಟಾಗಿದೆ" ಎಂದಷ್ಟೇ ಹೇಳಿ.

ಹಂತ 2: ಬೆಳಿಗ್ಗೆ ಒಂದು ದಿನದ ಪಾಲು ಮಾತ್ರ ತೆಗೆದುಕೊಳ್ಳಿ

ಇಡೀ ಬೈಬಲಿನಲ್ಲಿ ಈ ವಿಷಯಕ್ಕೆ ಮನ್ನದ ಕಥೆಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಅದು ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿದೆ. ಈಜಿಪ್ಟಿನಿಂದ ಹೊರಟ ಜನ ಮರಳುಗಾಡಿನಲ್ಲಿ ಹಸಿದು ಗೊಣಗುತ್ತಾರೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಮಂಜಿನ ಹರಳಿನಂಥ ಸಣ್ಣ ಸಣ್ಣ ಕಾಳು. ತಲೆಗೆ ಒಂದು ಓಮೆರ್ (ಆ ಕಾಲದ ಒಂದು ಅಳತೆ) ಕೂಡಿಸಿಕೊಳ್ಳಿ, ಬೆಳಗಿನವರೆಗೆ ಉಳಿಸಿಕೊಳ್ಳಬೇಡಿ ಎಂದು ಮೋಶೆ ಹೇಳುತ್ತಾನೆ. ಕೆಲವರು ಕೇಳುವುದಿಲ್ಲ. ನಾಳೆ ಬೀಳದಿದ್ದರೆ? ಮುಚ್ಚಿಟ್ಟುಕೊಳ್ಳುತ್ತಾರೆ. ಬೆಳಗಾಗುವಷ್ಟರಲ್ಲಿ ಅದರಲ್ಲಿ ಹುಳ, ಗಬ್ಬು ವಾಸನೆ.

ಇಷ್ಟು ಕಥೆ ಎಲ್ಲರಿಗೂ ಗೊತ್ತು. ಮುಂದಿನ ಭಾಗವನ್ನು ನಾವು ಬೇಗ ಓದಿ ದಾಟುತ್ತೇವೆ. ಆರನೆಯ ದಿನ ಎರಡರಷ್ಟು ಕೂಡಿಸಿ, ಮರುದಿನ ಸಬ್ಬತ್, ಆವತ್ತು ಬೀಳುವುದಿಲ್ಲ ಎಂದು ದೇವರೇ ಹೇಳುತ್ತಾರೆ. ಆ ರಾತ್ರಿ ಇಟ್ಟದ್ದಕ್ಕೆ ಹುಳ ಬೀಳಲಿಲ್ಲ, ನಾತವೂ ಬರಲಿಲ್ಲ. ಮನ್ನ ಅದೇ, ಪಾತ್ರೆ ಅದೇ. ಭಯದಿಂದ ಕೂಡಿಟ್ಟದ್ದು ಕೊಳೆಯಿತು, ಹೇಳಿದ್ದಕ್ಕೆ ಕೂಡಿಟ್ಟದ್ದು ಉಳಿಯಿತು. ಮೊದಲ ಹಂತದ ಚಿಂತೆ-ಯೋಜನೆಯ ವ್ಯತ್ಯಾಸ ಇದೇ ಅಧ್ಯಾಯದಲ್ಲಿ ಹೀಗೆ ಅಡಗಿದೆ.

ಅಭ್ಯಾಸಕ್ಕೆ ಬರೋಣ. ಎದ್ದ ಕೂಡಲೇ ಫೋನಿಗೆ ಕೈ ಹಾಕಬೇಡಿ. ದಿಂಬಿನ ಪಕ್ಕದಿಂದ ಅದನ್ನು ಎತ್ತಿ ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಮಲಗುವುದೇ ಒಳ್ಳೆಯದು. ಅಲಾರಂಗೆ ಇನ್ನೂರು ರೂಪಾಯಿಯ ಗಡಿಯಾರ ಸಾಕು. ಹಾಸಿಗೆಯ ಅಂಚಿನಲ್ಲೇ ಕೂತು ಪರಲೋಕದ ಪ್ರಾರ್ಥನೆಯನ್ನು ಎಂದಿನ ವೇಗದ ಅರ್ಧದಲ್ಲಿ ಹೇಳಿ. ಅನುದಿನದ ಆಹಾರವನ್ನು ಈ ಹೊತ್ತು ಕೊಡು ಎಂಬಲ್ಲಿ ನಿಲ್ಲಿ. ಈ ಒಂದು ದಿನಕ್ಕೆ ನನಗೆ ಬೇಕಾದ ಆಹಾರ ಯಾವುದು? ಅನ್ನವಲ್ಲದೆ ಇನ್ನೇನು? ಹತ್ತು ಗಂಟೆಯ ಮೀಟಿಂಗಿಗೆ ತಾಳ್ಮೆಯೋ, ಅತ್ತೆಯ ಮಾತಿಗೆ ತಿರುಗಿ ಚುಚ್ಚದಿರುವ ಶಕ್ತಿಯೋ, ಕಿಮೋಗೆ ಹೋಗುವ ಧೈರ್ಯವೋ. ಒಂದೋ ಎರಡೋ ಹೆಸರಿಸಿ ಕೇಳಿ. ಇನ್ನೂ ಐದು ಸಲ ಕಿಮೋ ಇದೆಯಲ್ಲ ಎಂದು ಮನಸ್ಸು ಹೇಳುತ್ತದೆ. ಆ ಐದಕ್ಕೆ ಬೇಕಾದ ಧೈರ್ಯ ಇವತ್ತು ಸಿಗುವುದಿಲ್ಲ, ಆಯಾ ದಿನ ಸಿಗುತ್ತದೆ. ಇವತ್ತೇ ಹುಡುಕಿದರೆ ಸಿಗದೆ ಹೆದರಿಕೆಯಾಗುವುದು ಸಹಜ. ಪ್ರಲಾಪಗಳ ಪುಸ್ತಕ ಕರುಣೆ ಬೆಳಗುಬೆಳಗಿಗೆ ಹೊಸದಾಗುತ್ತದೆ ಅನ್ನುತ್ತದೆ. ಅದನ್ನು ಬರೆದದ್ದು ಜೆರುಸಲೇಮ್ ಸುಟ್ಟು ಬೂದಿಯಾದ ಮೇಲೆ ಅನ್ನುವುದನ್ನು ಮರೆಯಬಾರದು.

ಹಂತ 3: ಕೈಯಲ್ಲಿರುವ ಒಂದು ಕೆಲಸವನ್ನು ಆರಿಸಿಕೊಳ್ಳಿ

17ನೇ ಶತಮಾನದ ಪ್ಯಾರಿಸ್‌ನಲ್ಲಿ ಬ್ರದರ್ ಲಾರೆನ್ಸ್ ಎಂಬ ಕಾರ್ಮೆಲ್ ಸಭೆಯ ಸನ್ಯಾಸಿ ಇದ್ದರು. ಮೊದಲು ಸೈನಿಕ, ಯುದ್ಧದಲ್ಲಿ ಗಾಯಗೊಂಡು ಕಾಲು ಕುಂಟಾಯಿತು. ಮಠಕ್ಕೆ ಸೇರಿದ ಮೇಲೆ ಸಿಕ್ಕಿದ್ದು ಅಡುಗೆಮನೆ, ಅವರಿಗೆ ಒಂದಿಷ್ಟೂ ಇಷ್ಟವಿಲ್ಲದ ಜಾಗ. ಸುಮಾರು ಹದಿನೈದು ವರ್ಷ ಅಲ್ಲೇ ಕಳೆದರು. ಒಮ್ಮೆ ಬರ್ಗಂಡಿಗೆ ದ್ರಾಕ್ಷಾರಸ ಖರೀದಿಸಲು ಕಳಿಸಿದರು. ವ್ಯಾಪಾರ ಬಾರದು, ದೋಣಿಯಲ್ಲಿ ನಡೆಯಲೂ ಆಗದು, ಪೀಪಾಯಿಗಳ ಮೇಲೆ ಉರುಳಿಕೊಂಡೇ ಓಡಾಡಬೇಕು. ಇದು ನಿನ್ನ ಕೆಲಸ, ನೀನೇ ನೋಡಿಕೋ ಎಂದು ದೇವರಿಗೆ ಹೇಳಿ ಹೊರಟರಂತೆ, ಕೆಲಸವೂ ಚೆನ್ನಾಗಿಯೇ ಆಯಿತಂತೆ. ಬಾಣಲೆಯಲ್ಲಿ ಆಮ್ಲೆಟ್ ತಿರುವಿ ಹಾಕುವುದನ್ನೂ ದೇವರ ಪ್ರೀತಿಗಾಗಿ ಮಾಡುತ್ತೇನೆ ಅನ್ನುತ್ತಿದ್ದರು. 1691ರಲ್ಲಿ ಅವರು ತೀರಿಕೊಂಡ ಹೊತ್ತಿಗೆ ದೊಡ್ಡ ದೊಡ್ಡ ಪದವಿಯವರೆಲ್ಲ ಸಲಹೆಗೆ ಈ ಅಡುಗೆಯವರ ಬಳಿ ಬಂದುಹೋಗಿದ್ದರು.

ಅವರ ವಿಧಾನ ಸರಳ. ಕೆಲಸ ಶುರುಮಾಡುವಾಗ ದೇವರಿಗೆ ಒಂದು ಮಾತು. ನಡುನಡುವೆ ನೆನಪಾದಾಗ ಒಂದು ಮಾತು. ಮುಗಿದಾಗ ಚೆನ್ನಾಗಿ ಆಗಿದ್ದರೆ ಕೃತಜ್ಞತೆ, ಇಲ್ಲದಿದ್ದರೆ ಕ್ಷಮೆ, ಮತ್ತೆ ಮುಂದಿನ ಕೆಲಸ. ಮರೆತುಹೋದೆನೆಂದು ತಮ್ಮನ್ನೇ ಬೈದುಕೊಳ್ಳುತ್ತಾ ಕೂರುತ್ತಿರಲಿಲ್ಲ. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಆ ಕೊನೆಯ ಭಾಗ. ಬೈದುಕೊಳ್ಳುತ್ತಾ ಕೂತರೆ ಆ ಕ್ಷಣವೂ ಹೋಯಿತು.

ಇಡೀ ದಿನ ಹೀಗಿರುತ್ತೇನೆಂದು ಹೊರಡಬೇಡಿ, ಮಧ್ಯಾಹ್ನಕ್ಕೆ ಬಿಟ್ಟುಬಿಡುತ್ತೀರಿ. ದಿನವೂ ಮಾಡಲೇಬೇಕಾದ, ತಲೆಗೆ ಹೆಚ್ಚು ಕೆಲಸ ಕೊಡದ, ಹತ್ತು ಹದಿನೈದು ನಿಮಿಷದ ಒಂದು ಕೆಲಸ ಆರಿಸಿ: ಪಾತ್ರೆ ತೊಳೆಯುವುದು, ನೀರ್‌ದೋಸೆ ಹೊಯ್ಯುವುದು, ಮಗುವಿಗೆ ಜಡೆ ಹಾಕುವುದು, ಬೈಕ್ ಒರೆಸುವುದು. ಆ ಹೊತ್ತಿನಲ್ಲಿ ಕಿವಿಗೆ ಇಯರ್‌ಫೋನ್ ಬೇಡ, ಪ್ರಸಂಗದ ಆಡಿಯೋ ಕೂಡ ಬೇಡ. ನೀರಿನ ಬಿಸಿ, ಹಿಟ್ಟಿನ ಸದ್ದು, ಮಗುವಿನ ಕೂದಲಿನ ಎಣ್ಣೆ, ಅದರ ಮೇಲೆ ಗಮನವಿರಲಿ. ಮನಸ್ಸು ಓಡಿದಾಗ ಎಳೆದು ತರಲು ಒಂದು ಸಣ್ಣ ಪ್ರಾರ್ಥನೆ ಇಟ್ಟುಕೊಳ್ಳಿ. ಪೂರ್ವದ ಸಭೆಗಳಲ್ಲಿ ಶತಮಾನಗಳಿಂದ ಹೇಳುತ್ತಾ ಬಂದದ್ದು ಹೀಗಿದೆ: ಕರ್ತರಾದ ಯೇಸುವೇ, ದೇವರ ಕುಮಾರರೇ, ಪಾಪಿಯಾದ ನನ್ನ ಮೇಲೆ ಕರುಣೆಯಿಡಿ. ಉಸಿರು ಎಳೆದುಕೊಳ್ಳುವಾಗ ಅರ್ಧ, ಬಿಡುವಾಗ ಅರ್ಧ. ಉದ್ದವಾಯಿತೆನಿಸಿದರೆ "ಯೇಸುವೇ" ಎಂಬ ಹೆಸರೊಂದೇ ಆದೀತು.

ಯೇಸುಸ್ವಾಮಿ ಮನೆಗೆ ಬಂದಾಗ ತಂಗಿ ಮರಿಯಳು ಅವರ ಪಾದದ ಬಳಿ ಕೂತರೆ, ಒಬ್ಬಳೇ ಅಡುಗೆಯಲ್ಲಿ ಒದ್ದಾಡಿದ ಮಾರ್ಥಳನ್ನು ಇಲ್ಲಿ ನೆನೆಯಬೇಕು. ಪ್ರಸಂಗಗಳಲ್ಲಿ ಅವಳಿಗೆ ಸಾಕಷ್ಟು ಬೈಗುಳ ಬಿದ್ದಿದೆ. ಯೇಸುಸ್ವಾಮಿ ಅವಳ ಅಡುಗೆಯನ್ನು ತಪ್ಪೆನ್ನಲಿಲ್ಲ. ನೀನು ಅನೇಕ ವಿಷಯಗಳಿಗೆ ಚಿಂತಿಸಿ ಗಲಿಬಿಲಿಗೊಂಡಿದ್ದೀಯ ಅಂದರು. ಕೈ ಒಲೆಯ ಬಳಿ, ಕಣ್ಣು ತಂಗಿಯ ಮೇಲೆ, ಮನಸ್ಸಿನಲ್ಲಿ ದೂರು. ಪಾತ್ರೆ ತೊಳೆಯುವಾಗ ನಮ್ಮ ತಲೆಯೊಳಗೂ ನಡೆಯುವುದು ಹೆಚ್ಚಾಗಿ ಇದೇ: ಇವರು ಯಾಕೆ ಎದ್ದು ಬಂದು ಸಹಾಯ ಮಾಡಬಾರದು. ಸಹಾಯ ಬೇಕಿದ್ದರೆ ಕರೆದು ಕೇಳಿ, ಅದು ಎಡಗಡೆಯ ಸಾಲಿನದ್ದು.

ಹಂತ 4: ದಿನದ ನಡುವೆ ಒಂದೆರಡು ನಿಲ್ದಾಣ

ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ಇಗರ್ಜಿಯಲ್ಲಿ ತ್ರಿಕಾಲ ಪ್ರಾರ್ಥನೆಯ ಗಂಟೆ ಹೊಡೆಯುತ್ತಿದ್ದದ್ದು ಇದಕ್ಕಾಗಿಯೇ. ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಸಂಜೆ ಆಮೊರಿ ಗಂಟೆ ಕೇಳಿದರೆ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳೂ ಇದ್ದಲ್ಲೇ ನಿಲ್ಲಬೇಕಿತ್ತು, ಆಮೇಲೆ ಕೈಕಾಲು ತೊಳೆದು ತೆರ್ಸ್‌ಗೆ, ಅಂದರೆ ಜಪಮಾಲೆಗೆ, ಕೂರಬೇಕಿತ್ತು. ದಾನಿಯೇಲನೂ ದಿನಕ್ಕೆ ಮೂರು ಸಲ ಜೆರುಸಲೇಮಿನ ಕಡೆಯ ಕಿಟಕಿಯ ಬಳಿ ಮೊಣಕಾಲೂರುತ್ತಿದ್ದ. ಗಂಟೆ ಕೇಳಿಸದ ಊರಿನಲ್ಲಿದ್ದರೆ ಮಧ್ಯಾಹ್ನ ಹನ್ನೆರಡಕ್ಕೆ ಫೋನಿನಲ್ಲಿ ಮೆಲುವಾದ ಒಂದು ಸದ್ದು ಇಟ್ಟುಕೊಳ್ಳಿ. ಒಂದು ನಿಮಿಷ ಸಾಕು. ಆಗ ಹೊಟ್ಟೆ ಹಸಿದಿರುತ್ತದೆ ಅಂದರೆ, ಯೊಪ್ಪದ ಮಾಳಿಗೆಯ ಮೇಲೆ ಅದೇ ಹೊತ್ತಿಗೆ ಪ್ರಾರ್ಥನೆಗೆ ಕೂತ ಪೇತ್ರನಿಗೂ ಹಸಿದಿತ್ತು, ಕೆಳಗೆ ಅಡುಗೆ ಆಗುತ್ತಿತ್ತು (ಅಪೊಸ್ತಲರ ಕೃತ್ಯಗಳು 10).

ಜಪಮಾಲೆ ಹೇಳುವವರಿಗೆ ಇನ್ನೊಂದು ಮಾತು. ನಮೋ ಮರಿಯ ಪ್ರಾರ್ಥನೆಯಲ್ಲಿ ನಾವು ಮಾತೆಯನ್ನು ಕೇಳುವುದು ಎರಡೇ ಹೊತ್ತಿಗೆ: ಈಗ, ಮತ್ತು ಸಾಯುವಾಗ. ನಡುವಿನ ವರ್ಷಗಳ ಪ್ರಸ್ತಾಪವೇ ಇಲ್ಲ. ಐವತ್ತಮೂರು ಸಲ ಹೇಳುವ ಆ ಮಾತು ಒಂದು ಸಲವಾದರೂ ಕಿವಿಗೆ ಬೀಳಲಿ.

ಹಂತ 5: ಅಡ್ಡ ಬಂದವರಿಗಾಗಿ ನಿಲ್ಲುವುದನ್ನು ಕಲಿಯಿರಿ

ಒಬ್ಬರೇ ಇರುವಾಗ ಈ ಕ್ಷಣದಲ್ಲಿರುವುದು ಅಷ್ಟು ಕಷ್ಟವಲ್ಲ. ಮುಖ್ಯವಾದ ಕೆಲಸದ ಮೇಲೆ ಧಾವಿಸುತ್ತಿರುವಾಗ ಯಾರೋ ಅಡ್ಡ ಬಂದರೆ ಏನು ಮಾಡುತ್ತೀರಿ ಅನ್ನುವುದರಲ್ಲಿ ಪರೀಕ್ಷೆ.

ಮಾರ್ಕನ 5ನೇ ಅಧ್ಯಾಯ ತೆಗೆದು ನಿಧಾನವಾಗಿ ಓದಿ. ಸಭಾಮಂದಿರದ ಅಧಿಕಾರಿ ಯಾಯೀರ ಯೇಸುವಿನ ಕಾಲಿಗೆ ಬೀಳುತ್ತಾನೆ, ಪುಟ್ಟ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಯೇಸುಸ್ವಾಮಿ ಹೊರಡುತ್ತಾರೆ, ಜನ ಮುಗಿಬೀಳುತ್ತಾರೆ. ಒಂದೊಂದು ನಿಮಿಷವೂ ಮುಖ್ಯ. ಆ ಗುಂಪಿನಲ್ಲಿ ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ, ವೈದ್ಯರಿಗೆ ಇದ್ದದ್ದೆಲ್ಲ ಸುರಿದ ಹೆಂಗಸು ಹಿಂದಿನಿಂದ ಬಂದು ಬಟ್ಟೆ ಮುಟ್ಟುತ್ತಾಳೆ. ಗುಣವೂ ಆಯಿತು. ಯೇಸುಸ್ವಾಮಿ ಹಾಗೇ ಮುಂದೆ ಹೋಗಬಹುದಿತ್ತು. ಅವರು ನಿಂತು, ಯಾರು ಮುಟ್ಟಿದ್ದು ಎಂದು ಕೇಳುತ್ತಾರೆ. ಇಷ್ಟು ಜನ ನೂಕುತ್ತಿರುವಾಗ ಇದೆಂಥ ಪ್ರಶ್ನೆ ಎಂದು ಶಿಷ್ಯರಿಗೆ ಅನ್ನಿಸುತ್ತದೆ. ಹೆಂಗಸು ನಡುಗುತ್ತಾ ಬಂದು ನಡೆದದ್ದನ್ನೆಲ್ಲ ಹೇಳುತ್ತಾಳೆ. ಹನ್ನೆರಡು ವರ್ಷದ ಕಥೆ, ಎರಡು ವಾಕ್ಯದಲ್ಲಿ ಮುಗಿದಿರಲಿಕ್ಕಿಲ್ಲ. ಪಕ್ಕದಲ್ಲಿ ಯಾಯೀರ ನಿಂತಿದ್ದಾನೆ. ಮಾತು ಮುಗಿಯುವ ಮೊದಲೇ ಅವನ ಮನೆಯಿಂದ ಜನ ಬಂದು, ಮಗಳು ತೀರಿಹೋದಳು, ಗುರುಗಳಿಗೆ ಇನ್ನು ತೊಂದರೆ ಕೊಡುವುದೇಕೆ ಅನ್ನುತ್ತಾರೆ.

ಹೆದರಬೇಡ, ನಂಬಿಕೆ ಮಾತ್ರ ಇರಲಿ ಎಂದು ಹೇಳಿ ಯೇಸುಸ್ವಾಮಿ ಮುಂದೆ ನಡೆಯುತ್ತಾರೆ. ಹುಡುಗಿ ಏಳುತ್ತಾಳೆ, ಅವಳಿಗೂ ವಯಸ್ಸು ಹನ್ನೆರಡು. ಇವಳಿಗೆ ತಿನ್ನಲು ಏನಾದರೂ ಕೊಡಿ ಅನ್ನುತ್ತಾರೆ. ಅಲ್ಲಿ ಇದ್ದವರಿಗೆಲ್ಲ ಪವಾಡದ ಬೆರಗು. ಆ ಮಗುವಿಗೆ ಹಸಿವಾಗಿರಬಹುದು ಎಂದು ಗಮನಿಸಿದ್ದು ಅವರೊಬ್ಬರೇ.

ದಾರಿಯಲ್ಲಿ ಸಿಕ್ಕವರೆಲ್ಲರ ಜೊತೆ ಗಂಟೆಗಟ್ಟಲೆ ನಿಲ್ಲಿ ಎಂದು ಇದರ ಅರ್ಥವಲ್ಲ. ಎಷ್ಟೋ ಸಲ ಯೇಸುಸ್ವಾಮಿ ಜನರನ್ನು ಬಿಟ್ಟು ಏಕಾಂತಕ್ಕೂ ಹೋಗಿದ್ದಾರೆ. ನಾಲ್ಕು ನಿಮಿಷ ಕೊಡಲು ಸಾಧ್ಯವಿದ್ದರೆ ಆ ನಾಲ್ಕನ್ನೂ ಪೂರ್ತಿ ಕೊಡಿ. ಮಗಳು ಚಿತ್ರ ತೋರಿಸಲು ಬಂದರೆ ಲ್ಯಾಪ್‌ಟಾಪ್ ಮುಚ್ಚಿ. ಆಗದಿದ್ದರೆ "ಹದಿನೈದು ನಿಮಿಷ ಬಿಟ್ಟು ಬಾ ಪುಟ್ಟಾ, ಆಗ ನೋಡ್ತೀನಿ" ಎಂದು ಹೇಳಿ, ಹದಿನೈದು ನಿಮಿಷಕ್ಕೆ ನೀವೇ ಕರೆಯಿರಿ. ಪರದೆ ನೋಡುತ್ತಾ "ಹ್ಞೂಂ, ಚೆನ್ನಾಗಿದೆ" ಅನ್ನುವುದು ಎರಡೂ ಅಲ್ಲ. ಕುವೈತಿನಿಂದ ಮಗ ಕರೆ ಮಾಡಿದಾಗ ಅವನ ಮದುವೆಯ ಚಿಂತೆ ಎತ್ತುವ ಮೊದಲು ಇವತ್ತು ಏನು ಉಂಡೆ ಎಂದು ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ.

ಹಂತ 6: ನಿನ್ನೆಯನ್ನು ಇವತ್ತು ಸರಿಮಾಡಿಕೊಳ್ಳಿ

ಕೆಲವರನ್ನು ನಾಳೆ ಕಾಡುವುದಿಲ್ಲ, ನಿನ್ನೆ ಕಾಡುತ್ತದೆ. ಕಳೆದುಹೋದದ್ದು ನಮ್ಮೊಳಗೆ ಈಗಿನ ನೆನಪಾಗಿ ಮಾತ್ರ ಇದೆ ಎಂದು ಸಂತ ಅಗಸ್ಟೀನರು ಸುಮಾರು 400ನೇ ಇಸವಿಯ ಹೊತ್ತಿಗೇ ಬರೆದರು. ಈಗ ಇದೆ ಅಂದಮೇಲೆ ಈಗಲೇ ಅದಕ್ಕೆ ಏನಾದರೂ ಮಾಡಬಹುದು. ಪಾಪವಾಗಿದ್ದರೆ ಒಪ್ಪಿಕೊಳ್ಳಿ: ಕಥೋಲಿಕರಿಗೆ ಪಾಪನಿವೇದನೆ ಇದೆ, ಉಳಿದವರು ಪ್ರಾರ್ಥನೆಯಲ್ಲಿ ನೇರವಾಗಿಯೋ ನಂಬಿಕೆಯ ಹಿರಿಯರ ಮುಂದೆಯೋ ಹೇಳಿಕೊಳ್ಳಬಹುದು. ಯಾರಿಗಾದರೂ ಅನ್ಯಾಯ ಮಾಡಿದ್ದರೆ ಹಣ ಹಿಂದಿರುಗಿಸುವುದು, ಕ್ಷಮೆ ಕೇಳುವುದು. ಮನೆಯೊಳಗಿನ ಜಗಳಕ್ಕೆ ಪೌಲ ಕೊಟ್ಟ ಗಡುವು ಸೂರ್ಯಾಸ್ತ.

ಪೇತ್ರನನ್ನು ಯೇಸುಸ್ವಾಮಿ ನಡೆಸಿಕೊಂಡ ರೀತಿ ನೋಡಿ. ಯೇಸು ಯಾರೋ ಗೊತ್ತಿಲ್ಲ ಎಂದು ಅವನು ಮೂರು ಸಲ ಅಂದದ್ದು ಕೆಂಡದ ಬೆಂಕಿಯ ಬಳಿ. ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಮತ್ತೆ ಕೆಂಡ, ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಮೊದಲು ತಿಂಡಿ ತಿನ್ನಿಸುತ್ತಾರೆ. ಆಮೇಲೆ ಕೇಳುವುದು "ಅವತ್ತು ಯಾಕೆ ಹಾಗೆ ಮಾಡಿದೆ" ಎಂದಲ್ಲ, "ನನ್ನನ್ನು ಪ್ರೀತಿಸುತ್ತೀಯಾ" ಎಂದು. ಉತ್ತರ ಬಂದ ಕೂಡಲೇ ಕುರಿ ಮೇಯಿಸುವ ಕೆಲಸ ಕೊಡುತ್ತಾರೆ.

ದುಃಖ ಬೇರೆ. ತೀರಿಹೋದವರನ್ನು ನೆನೆದು ಅಳುವುದು ಈ ಕ್ಷಣದಿಂದ ಓಡಿಹೋಗುವುದಲ್ಲ. ಅಳು ಬಂದಾಗ ಅಳುವುದೇ ಆ ಹೊತ್ತಿನ ಕೆಲಸ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಎದೆ ಹೊಡೆದುಕೊಂಡು ಕೈಕಾಲು ನಡುಗುತ್ತಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಅದು ವಿಶ್ವಾಸದ ಕೊರತೆಯಲ್ಲ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಉಚಿತ, ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುತ್ತೇನೆ ಎಂದು ಮರದ ಕೆಳಗೆ ಮಲಗಿದ ಎಲೀಯನಿಗೆ ದೇವದೂತ ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ; ಮಲಗಲು ಬಿಟ್ಟ; ಮತ್ತೆ ಎಬ್ಬಿಸಿ ಮತ್ತೆ ಉಣಿಸಿದ.

ಹಂತ 7: ಇವತ್ತೇ ಸಹಿಸಲಾಗದಂತಿದ್ದರೆ

"ಈ ಕ್ಷಣವನ್ನು ಆನಂದಿಸಿ" ಎಂಬ ಮಾತು ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತವರಿಗೆ ಹೇಳುವಂಥದ್ದಲ್ಲ. ಗೆತ್ಸೇಮನೆಯಲ್ಲಿ ಯೇಸುಸ್ವಾಮಿಯೇ ಆ ಕ್ಷಣವನ್ನು ಆನಂದಿಸಲಿಲ್ಲ. ಸಾಧ್ಯವಾದರೆ ಈ ಪಾತ್ರೆ ನನ್ನಿಂದ ದೂರವಾಗಲಿ ಅಂದರು, ಗೆಳೆಯರು ಒಂದು ಗಂಟೆ ಎಚ್ಚರವಾಗಿರಲಿಲ್ಲವಲ್ಲ ಎಂದು ನೊಂದರು. ಆದರೂ ಅಲ್ಲೇ ಇದ್ದರು.

ಈ ಹಂತವನ್ನು ನನಗೆ ಅರ್ಥಮಾಡಿಸಿದ್ದು ವಿಯೆಟ್ನಾಮಿನ ಬಿಷಪ್ ಫ್ರಾನ್ಸಿಸ್ ಕ್ಸೇವಿಯರ್ ನ್ಗುಯೆನ್ ವಾನ್ ಥುವಾನ್ ಅವರ ಬದುಕು. 1975ರ ಏಪ್ರಿಲ್‌ನಲ್ಲಿ ಅವರನ್ನು ಸೈಗಾನ್‌ಗೆ ನೇಮಿಸಲಾಯಿತು. ಕೆಲವೇ ದಿನಗಳಲ್ಲಿ ಆ ನಗರ ಕಮ್ಯುನಿಸ್ಟರ ವಶವಾಯಿತು. ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನವೇ, ಅವರನ್ನು ಬಂಧಿಸಿದರು. ವಿಚಾರಣೆಯೇ ಇಲ್ಲದೆ 13 ವರ್ಷ ಸೆರೆ, ಅದರಲ್ಲಿ 9 ವರ್ಷ ಒಂಟಿ ಕೋಣೆ. ಆಗ ಅವರಿಗೆ 47 ವಯಸ್ಸು, ಕೆಲಸ ಮಾಡುವ ವಯಸ್ಸು. ಬಿಡುಗಡೆಯನ್ನೇ ಕಾಯುತ್ತಾ ಕೂತರೆ ಅದು ಬರುವ ಖಾತ್ರಿಯೇನು? ನಾನು ಕಾಯುವುದಿಲ್ಲ, ಈಗಿನ ಕ್ಷಣವನ್ನೇ ಪ್ರೀತಿಯಿಂದ ತುಂಬಿ ಬದುಕುತ್ತೇನೆ ಎಂದು ಅವರು ನಿರ್ಧರಿಸಿದರು.

ನಿರ್ಧಾರಕ್ಕಿಂತ ಅದನ್ನು ಅವರು ಕೆಲಸಕ್ಕಿಳಿಸಿದ ಬಗೆ ದೊಡ್ಡದು. ಒಬ್ಬ ಹುಡುಗನ ಕೈಯಲ್ಲಿ ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ತರಿಸಿ, ಅದರ ಹಿಂಬದಿಯಲ್ಲಿ ತಮ್ಮ ಜನರಿಗೆ ರಾತ್ರಿ ಹೊತ್ತು ಸಣ್ಣ ಸಣ್ಣ ಸಂದೇಶ ಬರೆದರು. ಹೊಟ್ಟೆನೋವಿಗೆ ಔಷಧ ಬೇಕೆಂದು ಮನೆಗೆ ತಿಳಿಸಿದಾಗ, ಕೇಳಿದ್ದು ಪೂಜೆಯ ದ್ರಾಕ್ಷಾರಸವನ್ನು ಎಂದು ವಿಶ್ವಾಸಿಗಳಿಗೆ ಅರ್ಥವಾಯಿತು. ಹೊಟ್ಟೆನೋವಿನ ಔಷಧವೆಂದು ಚೀಟಿ ಅಂಟಿಸಿದ ಬಾಟಲಿಯಲ್ಲಿ ದ್ರಾಕ್ಷಾರಸ ಬಂತು, ಟಾರ್ಚಿನೊಳಗೆ ಅಡಗಿಸಿದ ರೊಟ್ಟಿ ಬಂತು. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು. ಅದೇ ಪೀಠ, ಅದೇ ಪಾತ್ರೆ, ದಿನದ ಬಲಿಪೂಜೆ. ಕಾವಲುಗಾರರ ಜೊತೆ ಸ್ನೇಹ ಬೆಳೆಸಿದರು, ಅವರಿಗೆ ಭಾಷೆ ಕಲಿಸಿದರು. ಅವರಲ್ಲೊಬ್ಬನ ಒಪ್ಪಿಗೆಯಿಂದಲೇ ಮರದ ತುಂಡಿನಲ್ಲಿ ಶಿಲುಬೆ ಕೆತ್ತಿ ಸಾಬೂನಿನೊಳಗೆ ಬಚ್ಚಿಟ್ಟರು. 1988ರ ನವೆಂಬರ್ 21ರಂದು ಬಿಡುಗಡೆಯಾಯಿತು. 2001ರಲ್ಲಿ ಕಾರ್ಡಿನಲ್ ಆದರು, ಮರುವರ್ಷ ತೀರಿಕೊಂಡರು.

ಅವರನ್ನು ಜೈಲಿಗೆ ಹಾಕಿದ್ದು ಸರಿ ಎಂದು ಇದರಿಂದ ಆಗುವುದಿಲ್ಲ. ಹೊಡೆಯುವ ಗಂಡನನ್ನು, ಸಂಬಳ ಕೊಡದ ಮಾಲೀಕನನ್ನು "ಈ ಕ್ಷಣವನ್ನು ಒಪ್ಪಿಕೋ" ಎಂದು ಸಹಿಸಿಕೊಳ್ಳಲು ಯಾರಾದರೂ ಹೇಳಿದರೆ ಕೇಳಬೇಡಿ; ಅಲ್ಲಿ ಈ ಹೊತ್ತಿನ ಕರ್ತವ್ಯ ದೂರು ಕೊಡುವುದೋ ಹೊರಬರುವುದೋ ಆಗಿರಬಹುದು. ಬದಲಾಯಿಸಲು ಸಾಧ್ಯವೇ ಇಲ್ಲದ ಪರಿಸ್ಥಿತಿಯಲ್ಲಿ ಹೀಗೆ ಕೇಳಿಕೊಳ್ಳಿ: ಮುಂದಿನ ಒಂದು ಗಂಟೆಯಲ್ಲಿ ನಾನು ಪ್ರೀತಿಯಿಂದ ಮಾಡಬಹುದಾದ ಒಂದು ಸಣ್ಣ ಕೆಲಸ ಯಾವುದು? ಪಕ್ಕದ ಕುರ್ಚಿಯವರಿಗೆ ಕಾಫಿ ತಂದುಕೊಡುವುದು, ರೋಗಿಯ ಒಣಗಿದ ತುಟಿಗೆ ನೀರು ಹಚ್ಚುವುದು. ಗಂಟೆ ಉದ್ದವೆನಿಸಿದರೆ ಹತ್ತು ನಿಮಿಷ ತೆಗೆದುಕೊಳ್ಳಿ.

ಹಂತ 8: ರಾತ್ರಿ ದಿನವನ್ನು ಒಮ್ಮೆ ತಿರುಗಿ ನೋಡಿ

ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ (1491–1556) ಕಲಿಸಿದ ದಿನದ ಅವಲೋಕನವನ್ನು ಆ ಸಭೆಯವರು ಇಂದಿಗೂ ಮಧ್ಯಾಹ್ನ ಮತ್ತು ರಾತ್ರಿ ಮಾಡುತ್ತಾರೆ. ನಮಗೆ ರಾತ್ರಿ ಒಮ್ಮೆ, ಹತ್ತು ನಿಮಿಷ ಸಾಕು. ಅದರಲ್ಲಿ ಐದು ಹೆಜ್ಜೆ ಇವೆ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ತಪ್ಪಿಗೆ ಕ್ಷಮೆ, ನಾಳೆಗೆ ಒಂದು ಕೃಪೆ.

ಕೃತಜ್ಞತೆ ಮೊದಲು ಬರುವುದು ಸುಮ್ಮನೆ ಅಲ್ಲ. ತಪ್ಪಿನಿಂದ ಶುರುಮಾಡಿದರೆ ಅಲ್ಲೇ ಸಿಕ್ಕಿಬೀಳುತ್ತೇವೆ. ಕೃತಜ್ಞತೆಯೂ ಸಣ್ಣದಾಗಿ, ನಿಖರವಾಗಿರಲಿ. "ಕುಟುಂಬಕ್ಕಾಗಿ, ಆರೋಗ್ಯಕ್ಕಾಗಿ ಸ್ತೋತ್ರ" ಎಂದು ಯಾವ ದಿನವಾದರೂ ಹೇಳಬಹುದು. ಶಾಲೆಯ ಟೀಚರ್ ಒಬ್ಬರ ಅವಲೋಕನ ಹೀಗಿರಬಹುದು: "ಎರಡನೇ ಪೀರಿಯಡ್‌ನಲ್ಲಿ ಹಿಂದಿನ ಬೆಂಚಿನ ಹುಡುಗ ಮೊದಲ ಸಲ ಕೈ ಎತ್ತಿದ, ಅದಕ್ಕೆ ಸ್ತೋತ್ರ. ಬಸ್ಸಿನಲ್ಲಿ ಸೀಟು ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ವರ್ಗಾವಣೆಯ ಸುದ್ದಿ ಬಂದದ್ದೇ ಮನಸ್ಸು ಎರಡು ತಾಸು ಎಲ್ಲೋ ಇತ್ತು, ಆ ಹೊತ್ತಿನ ಪಾಠ ನೆನಪೇ ಇಲ್ಲ. ಆ ಸಿಟ್ಟನ್ನು ಒಂದು ಮಗುವಿನ ಮೇಲೆ ತೀರಿಸಿದೆ. ಕ್ಷಮಿಸು. ನಾಳೆ ಅವಳನ್ನು ಹೆಸರು ಹಿಡಿದು ಮಾತಾಡಿಸುವ ಕೃಪೆ ಕೊಡು." ಇಷ್ಟೇ. ವಾರ ಕಳೆದ ಮೇಲೆ ಮನಸ್ಸು ಯಾವ ಹೊತ್ತಿಗೆ, ಯಾವ ಸುದ್ದಿಗೆ ಓಡಿಹೋಗುತ್ತದೆ ಎಂಬ ಜಾಡು ತಾನಾಗಿ ಕಾಣಿಸುತ್ತದೆ.

ಕೊನೆಗೆ, ನೆಮ್ಮದಿಯಿಂದ ಮಲಗಿ ನಿದ್ದೆಹೋಗುವೆನು ಎನ್ನುವ 4ನೇ ಕೀರ್ತನೆಯ ಕೊನೆಯ ವಚನ ಹೇಳಿ ಮಲಗಿ. ನಡುವೆ ನಿದ್ದೆ ಬಂದರೆ ಬರಲಿ.

ಶುರುಮಾಡುವ ಕ್ರಮ

ಎಂಟನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲ ವಾರ ಎರಡನೇ ಹಂತ ಮತ್ತು ಎಂಟನೇ ಹಂತ, ಬೆಳಿಗ್ಗೆ ಐದು ನಿಮಿಷ, ರಾತ್ರಿ ಹತ್ತು. ಅದು ಅಭ್ಯಾಸವಾದ ಮೇಲೆ ಒಂದು ಮನೆಗೆಲಸವನ್ನೂ ಹನ್ನೆರಡರ ಗಂಟೆಯನ್ನೂ ಸೇರಿಸಿ. ಎರಡು ಸಾಲಿನ ಹಾಳೆಯನ್ನು ಚಿಂತೆ ಹೆಚ್ಚಾದ ದಿನ ಮಾತ್ರ ತೆಗೆಯಿರಿ, ದಿನವೂ ಬರೆದರೆ ಅದೇ ಒಂದು ಚಿಂತೆಯಾಗುತ್ತದೆ. ಐದನೇ ಹಂತಕ್ಕೆ ವೇಳಾಪಟ್ಟಿ ಇಲ್ಲ, ಅಡ್ಡ ಬರುವವರು ಹೇಳಿ ಬರುವುದಿಲ್ಲ.

ಕಾಲ ನೋಡಿ ಶುರುಮಾಡಬೇಕೆನ್ನುವವರಿಗೆ ವಿಭೂತಿ ಬುಧವಾರದಿಂದ ಆರಂಭವಾಗುವ ತಪಸ್ಸು ಕಾಲ ಒಳ್ಳೆಯದು, ಭಾನುವಾರಗಳನ್ನು ಬಿಟ್ಟು ನಲವತ್ತು ದಿನ ಸಿಗುತ್ತವೆ. ಆ ಭಾನುವಾರಗಳಂದು ನೋಟ್‌ಬುಕ್ ಕೂಡ ಮುಚ್ಚಿಡಿ. ಪೂಜೆ ಅಥವಾ ಆರಾಧನೆ ಮುಗಿದ ಮೇಲೆ ಬಾಗಿಲಲ್ಲೇ ವಾರದ ಕೆಲಸದ ಮಾತು ಎತ್ತದೆ, ಒಬ್ಬರನ್ನಾದರೂ ನಿಂತು ಮಾತಾಡಿಸಿ ಮನೆಗೆ ಬನ್ನಿ. ಜೊತೆಗೊಬ್ಬರಿದ್ದರೆ ಅಭ್ಯಾಸ ಹೆಚ್ಚು ದಿನ ಉಳಿಯುತ್ತದೆ: ಗಂಡಹೆಂಡತಿ ರಾತ್ರಿಯ ಅವಲೋಕನದ ಐದರಲ್ಲಿ ಮೊದಲನೆಯದಾದ ಕೃತಜ್ಞತೆಯನ್ನು ಮಾತ್ರ ಒಬ್ಬರಿಗೊಬ್ಬರು ಹೇಳಿಕೊಳ್ಳಲಿ, ಉಳಿದ ನಾಲ್ಕು ಅವರವರ ಮತ್ತು ದೇವರ ನಡುವೆ ಇರಲಿ. ನಡುವೆ ನಾಲ್ಕು ದಿನ ಬಿಟ್ಟುಹೋದರೆ ಆ ನಾಲ್ಕು ದಿನದ ಅವಲೋಕನವನ್ನು ಬಾಕಿ ತೀರಿಸಲು ಹೋಗಬೇಡಿ. ಆ ರಾತ್ರಿ ಆ ದಿನದ್ದನ್ನು ಮಾತ್ರ ಮಾಡಿ.